ವಾಹನಕ್ಕೆ ಎರಡನೆಯ ಬ್ಯಾಟರಿ: ಅಗತ್ಯ, ಜೋಡಣೆ, ಜೋಪಾನ

ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ಹಳ್ಳಿಗಳಲ್ಲಿ ಜೀಪು, ಟ್ರ್ಯಾಕ್ಸ್, ಬೊಲೆರೊ ಮೊದಲಾದ ಗಟ್ಟಿ ವಾಹನಗಳು ಮನೆಯ ದುಡಿಯುವ ಆಳಿನಂತೆ ಬಾಳುತ್ತವೆ. ಬೆಳಿಗ್ಗೆ ಹೊಲಕ್ಕೆ ಬೀಜ, ಗೊಬ್ಬರ ಒಯ್ಯುವ ವಾಹನವೇ ಸಂಜೆ ಪ್ರವಚನದ ಸ್ಥಳಕ್ಕೆ ಮೈಕು ಹೊತ್ತು ಹೋಗುತ್ತದೆ. ಜಾತ್ರೆಯ ದಿನ ದಾಸೋಹದ ಪಾತ್ರೆಗಳನ್ನು ಸಾಗಿಸುತ್ತದೆ. ಪಾದಯಾತ್ರಿಗಳ ಹಿಂದೆ ನೀರು, ಔಷಧ, ಹಾಸಿಗೆಗಳನ್ನು ತುಂಬಿಕೊಂಡು ನಿಧಾನವಾಗಿ ಸಾಗುತ್ತದೆ. ಮಳೆಗಾಲದ ನಡುರಾತ್ರಿ ಹೊಲದ ಮನೆಯಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಗರ್ಭಿಣಿಗೆ ನೋವು ಕಾಣಿಸಿಕೊಂಡರೆ, ಡಾಂಬರು ರಸ್ತೆಯವರೆಗೆ ಅವರನ್ನು ಮುಟ್ಟಿಸುವ ಹೊಣೆಯೂ ಅದರದೇ ಆಗಿರುತ್ತದೆ.

ಇಂತಹ ವಾಹನವು ಬೇಕಾದ ಗಳಿಗೆಯಲ್ಲಿ ಚಾಲೂ ಆಗದಿದ್ದರೆ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಎಷ್ಟೋ ಸಲ ಎಂಜಿನ್ನಿನಲ್ಲಿ ದೋಷವಿರುವುದಿಲ್ಲ, ಡೀಸೆಲ್ಲಿಗೂ ಕೊರತೆಯಿರುವುದಿಲ್ಲ. ಸಂಜೆಯಿಂದ ಉರಿದ ದೀಪ, ಹಾಡಿದ ಮೈಕು, ಚಾರ್ಜಿಗೆ ಹಾಕಿದ ಹತ್ತಾರು ಮೊಬೈಲುಗಳು ಬ್ಯಾಟರಿಯನ್ನು ಬರಿದು ಮಾಡಿರುತ್ತವೆ. ಕೀಲಿ ತಿರುಗಿಸಿದರೆ ಟಕ್ ಎಂಬ ಸಪ್ಪಳವಷ್ಟೇ ಕೇಳಿಸುತ್ತದೆ. ತಳ್ಳಿ ಚಾಲೂ ಮಾಡೋಣವೆಂದರೆ ಎರೆಮಣ್ಣಿನ ಕೆಸರಿನಲ್ಲಿ ಗಾಲಿ ಉರುಳುವುದಿಲ್ಲ. ಈ ಸಂಕಟಕ್ಕೆ ಇರುವ ಸರಳ ಪರಿಹಾರವೇ ವಾಹನದಲ್ಲಿ ಎರಡನೆಯ ಬ್ಯಾಟರಿಯನ್ನು ಕೂಡಿಸುವ ವ್ಯವಸ್ಥೆ. ಅದರ ಅಗತ್ಯವೇನು, ಅದನ್ನು ಹೇಗೆ ಜೋಡಿಸಬೇಕು, ಹೇಗೆ ಜೋಪಾನ ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ನಮ್ಮ ಓದುಗ ಕುಟುಂಬಗಳ ಅನುಕೂಲಕ್ಕಾಗಿ ವಿವರಿಸಲು ಬಯಸುತ್ತೇವೆ.

ಒಂದೇ ಬ್ಯಾಟರಿ, ಎರಡು ಬಗೆಯ ಕೆಲಸ

ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದನು. ಮೋಟಾರು ವಾಹನವನ್ನು ಕೈಹಿಡಿಕೆ ತಿರುವಿ ಚಾಲೂ ಮಾಡುವ ಕಷ್ಟವನ್ನು ತಪ್ಪಿಸುವ ವಿದ್ಯುತ್ ಸ್ಟಾರ್ಟರನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಸಿದ್ಧಪಡಿಸಿದನು; ಕ್ಯಾಡಿಲಾಕ್ ಕಂಪನಿಯ 1912ರ ಕಾರುಗಳಲ್ಲಿ ಅದು ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪುಗಳನ್ನು ಜೋಡಿಸಿ ಮಾರಲು ಆರಂಭಿಸಿದ್ದು 1947ರಲ್ಲಿ. ಅಂದಿನಿಂದ ಇಂದಿನವರೆಗೆ ಜೀಪಿನ ಮೈಕಟ್ಟು ಎಷ್ಟೋ ಬದಲಾದರೂ, ಎಂಜಿನ್ನನ್ನು ಎಬ್ಬಿಸುವ ಕೆಲಸ ಬ್ಯಾಟರಿಯದಾಗಿಯೇ ಉಳಿದಿದೆ.

ಈ ಕೆಲಸದ ಸ್ವರೂಪವನ್ನು ತಿಳಿದರೆ ಮುಂದಿನ ಮಾತೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ನಮ್ಮ ಕಡೆ 'ಸೆಲ್ಫ್' ಎಂದು ಕರೆಯುವ ಸ್ಟಾರ್ಟರ್ ಮೋಟಾರು ಡೀಸೆಲ್ ಎಂಜಿನ್ನನ್ನು ತಿರುಗಿಸುವಾಗ 200ರಿಂದ 400 ಆಂಪಿಯರ್ ವಿದ್ಯುತ್ತನ್ನು ಒಮ್ಮೆಲೇ ಬೇಡುತ್ತದೆ. ಆದರೆ ಈ ಬೇಡಿಕೆ ಎರಡು ಮೂರು ಸೆಕೆಂಡುಗಳದು ಮಾತ್ರ. 300 ಆಂಪಿಯರಿನಂತೆ ಮೂರು ಸೆಕೆಂಡು ಎಳೆದರೂ ಖರ್ಚಾಗುವುದು ಒಂದು ಆಂಪಿಯರ್-ಗಂಟೆಯ ಕಾಲು ಭಾಗ. ಅಂದರೆ ಬಲ ಬಹಳ ಬೇಕು, ಪ್ರಮಾಣ ಅತ್ಯಲ್ಪ. ದೀಪ, ಮೈಕುಗಳ ಬೇಡಿಕೆ ಇದಕ್ಕೆ ತೀರ ವಿರುದ್ಧವಾದುದು. ಅವು ತುಸುತುಸುವೇ ಆದರೂ ತಾಸುಗಟ್ಟಲೆ ಎಳೆಯುತ್ತಲೇ ಇರುತ್ತವೆ.

ಬ್ಯಾಟರಿ ತಯಾರಕರೂ ಈ ಎರಡು ಕೆಲಸಗಳಿಗೆ ಬೇರೆ ಬೇರೆ ರಚನೆಯ ಬ್ಯಾಟರಿಗಳನ್ನು ಮಾಡುತ್ತಾರೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯಲ್ಲಿ ತೆಳುವಾದ ಹಲವು ಫಲಕಗಳಿರುತ್ತವೆ. ಅವು ಥಟ್ಟನೆ ಬಲ ಕೊಡುತ್ತವೆ, ಆದರೆ ಪದೇ ಪದೇ ತಳ ಮುಟ್ಟುವಷ್ಟು ಬರಿದಾದರೆ ಬೇಗನೆ ಹಾಳಾಗುತ್ತವೆ. ದೀರ್ಘಕಾಲ ವಿದ್ಯುತ್ ಕೊಡಬೇಕಾದ 'ಡೀಪ್ ಸೈಕಲ್' ಬ್ಯಾಟರಿಯ ಫಲಕಗಳು ದಪ್ಪವಾಗಿರುತ್ತವೆ. ಒಂದೇ ಬ್ಯಾಟರಿಯಿಂದ ಎರಡೂ ಕೆಲಸ ಮಾಡಿಸಿದರೆ ಅದು ಎರಡಕ್ಕೂ ಸಲ್ಲದೆ ಹೋಗುತ್ತದೆ.

ಲಾರಿಯ ಜೋಡಿ ಬೇರೆ, ಜೀಪಿನ ಜೋಡಿ ಬೇರೆ

ಬಸವಕಲ್ಯಾಣವು ಶರಣರ ನೆಲವಾಗಿರುವಂತೆ ಲಾರಿಗಳ ಊರೂ ಹೌದು. ಹಿಂದೆ 9ನೆಯ ಸಂಖ್ಯೆಯಲ್ಲಿದ್ದು ಈಗ 65 ಎನಿಸಿಕೊಂಡಿರುವ ಪುಣೆ-ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ ಈ ಭಾಗದಲ್ಲಿ ಹಾದು ಹುಮನಾಬಾದಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಬೀದರ-ಕಲಬುರಗಿ ಹೆದ್ದಾರಿ ಅಡ್ಡವಾಗಿ ಕೂಡುತ್ತದೆ. ಹೆದ್ದಾರಿಯ ಸಸ್ತಾಪುರ ಬಂಗ್ಲಾ ಬಳಿಯ ಆಟೋನಗರದಲ್ಲಿ ಲಾರಿ ಕೆಲಸದ ನುರಿತ ಮಿಸ್ತ್ರಿಗಳಿಗೆ ಕೊರತೆಯಿಲ್ಲ. ಲಾರಿಯಲ್ಲಿ ಎರಡು ಬ್ಯಾಟರಿಗಳಿರುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಆದ್ದರಿಂದಲೇ ಒಂದು ತಪ್ಪು ತಿಳಿವಳಿಕೆಯೂ ಬೇರೂರಿದೆ: ಲಾರಿಯಲ್ಲಿರುವಂತೆ ಜೀಪಿನಲ್ಲಿಯೂ ಎರಡು ಬ್ಯಾಟರಿಗಳನ್ನು ಕಟ್ಟಿದರೆ ಆಯಿತು ಎಂಬುದೇ ಆ ತಿಳಿವಳಿಕೆ.

ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಪೋಣಿಸಿ 24 ವೋಲ್ಟ್ ಪಡೆಯುತ್ತಾರೆ. ಅವೆರಡೂ ಸೇರಿ ಒಂದೇ ಬ್ಯಾಟರಿಯಂತೆ ದುಡಿಯುತ್ತವೆ. ಒಂದು ಬರಿದಾದರೆ ಇನ್ನೊಂದರಿಂದ ಪ್ರಯೋಜನವಿಲ್ಲ. ಜೀಪು, ಬೊಲೆರೊಗಳ ವ್ಯವಸ್ಥೆ 12 ವೋಲ್ಟಿನದು. ಇವುಗಳಲ್ಲಿ ಲಾರಿಯ ರೀತಿಯಲ್ಲಿ ಜೋಡಿಸಿದರೆ ದೀಪ, ಯಂತ್ರಗಳೆಲ್ಲ ಸುಟ್ಟುಹೋಗುತ್ತವೆ. ಧನ ಧ್ರುವಕ್ಕೆ ಧನ, ಋಣ ಧ್ರುವಕ್ಕೆ ಋಣ ಕೂಡಿಸಿ ಸಮಾನಾಂತರವಾಗಿ ಜೋಡಿಸಿದರೆ 12 ವೋಲ್ಟ್ ಉಳಿಯುತ್ತದೆ ನಿಜ. ಆದರೆ ನಡುವೆ ತಡೆಯಿಲ್ಲದಿದ್ದರೆ ಎರಡು ಬಾವಿಗಳಿಗೆ ಒಂದೇ ಸುರಂಗ ಕೊರೆದಂತಾಗುತ್ತದೆ. ಒಂದರಿಂದ ನೀರು ಸೇದಿದರೆ ಎರಡೂ ಇಳಿಯುತ್ತವೆ. ಮೈಕು ರಾತ್ರಿಯಿಡೀ ಹಾಡಿದ ಮೇಲೆ ಎರಡು ಬ್ಯಾಟರಿಗಳೂ ಕೂಡಿಯೇ ಮಲಗುತ್ತವೆ.

ಆದುದರಿಂದ ಈ ವ್ಯವಸ್ಥೆಯ ಜೀವಾಳ ಎರಡನೆಯ ಬ್ಯಾಟರಿಯಲ್ಲ. ಎರಡು ಬ್ಯಾಟರಿಗಳ ನಡುವೆ ಇರುವ ತಡೆಗಟ್ಟು. ಎಂಜಿನ್ ಓಡುವಾಗ ಎರಡನ್ನೂ ಕೂಡಿಸಬೇಕು, ಎಂಜಿನ್ ನಿಂತ ಕೂಡಲೇ ಬೇರ್ಪಡಿಸಬೇಕು. ಈ ಒಂದು ನಿಯಮವನ್ನು ನಮ್ಮ ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು, ಯಾವ ಗ್ಯಾರೇಜಿನಲ್ಲಿಯೂ ಮೋಸ ಹೋಗಲಾರರು.

ತಡೆಗಟ್ಟಿನ ಮೂರು ವಿಧಗಳು

ಮೊದಲನೆಯದು ಕೈಯಿಂದ ತಿರುಗಿಸುವ ದಪ್ಪ ಸ್ವಿಚ್ಚು. ಇದು ಅಗ್ಗ, ಕೆಡುವುದೂ ಕಡಿಮೆ. ಆದರೆ ವಾಹನ ನಿಲ್ಲಿಸಿದಾಗ ಅದನ್ನು ಬಿಡಿಸಲು ಮರೆತರೆ ಇಡೀ ವ್ಯವಸ್ಥೆ ವ್ಯರ್ಥ. ಮನೆಯಲ್ಲಿ ಒಬ್ಬರೇ ವಾಹನ ನಡೆಸುವುದಾದರೆ ನಡೆದೀತು. ನಾಲ್ಕಾರು ಕೈ ಬದಲಾಗುವ ವಾಹನಕ್ಕೆ ಇದು ತಕ್ಕುದಲ್ಲ.

ಎರಡನೆಯದು ವೋಲ್ಟೇಜನ್ನು ತಾನೇ ಅರಿತು ಕೆಲಸ ಮಾಡುವ ರಿಲೇ. ಎಂಜಿನ್ ಓಡಿ ಆಲ್ಟರ್ನೇಟರು ವಿದ್ಯುತ್ ಉತ್ಪಾದಿಸಲಾರಂಭಿಸಿದಾಗ ವ್ಯವಸ್ಥೆಯ ವೋಲ್ಟೇಜು 13.8ರಿಂದ 14.4ರವರೆಗೆ ಏರುತ್ತದೆ. ಸಾಮಾನ್ಯವಾಗಿ 13.3 ವೋಲ್ಟ್ ಮುಟ್ಟಿದಾಗ ಈ ರಿಲೇ ಎರಡು ಬ್ಯಾಟರಿಗಳನ್ನು ಕೂಡಿಸುತ್ತದೆ; ಎಂಜಿನ್ ನಿಂತು 12.8ಕ್ಕೆ ಇಳಿದಾಗ ಬಿಡಿಸುತ್ತದೆ. ಹಳೆಯ ಜೀಪು, ಕಮಾಂಡರ್, ಟ್ರ್ಯಾಕ್ಸ್ ಹಾಗೂ ಹಳೆಯ ಬೊಲೆರೊಗಳಿಗೆ ಇದಕ್ಕಿಂತ ಹೊಂದುವ ಸಾಧನ ಬೇರೊಂದಿಲ್ಲ. ಡಯೋಡಿನಿಂದ ಬೇರ್ಪಡಿಸುವ ಹಳೆಯ ಕ್ರಮವೂ ಉಂಟು; ಅದರಲ್ಲಿ ಅರ್ಧ ವೋಲ್ಟಿಗೂ ಮಿಕ್ಕಿ ನಷ್ಟವಾಗುವುದರಿಂದ ಎರಡನೆಯ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ.

ಮೂರನೆಯದು ಡಿಸಿ-ಡಿಸಿ ಚಾರ್ಜರ್. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನಕ ಜಾರಿಗೆ ಬಂದ ಮೇಲಿನ ಹಲವು ವಾಹನಗಳಲ್ಲಿ ಇಂಧನ ಉಳಿಸುವ ಸಲುವಾಗಿ ಆಲ್ಟರ್ನೇಟರಿನ ವೋಲ್ಟೇಜನ್ನು ಕಂಪ್ಯೂಟರು ಆಗಾಗ ತಗ್ಗಿಸುತ್ತದೆ. ಅಂತಹ ವಾಹನಗಳಲ್ಲಿ ರಿಲೇ ಎಂಜಿನ್ ಓಡುತ್ತಿರುವಾಗಲೇ ಬಿಟ್ಟುಕೊಳ್ಳುತ್ತದೆ. ಡಿಸಿ-ಡಿಸಿ ಚಾರ್ಜರು ತನಗೆ ಬಂದ ವೋಲ್ಟೇಜನ್ನು ತಾನೇ ಏರಿಸಿ ಎರಡನೆಯ ಬ್ಯಾಟರಿಗೆ ಬೇಕಾದ ಅಳತೆಯಲ್ಲಿ ಕೊಡುತ್ತದೆ. ಬೆಲೆ ಹೆಚ್ಚು, ಆದರೆ ಹೊಸ ವಾಹನಕ್ಕೆ ಇದೇ ಸರಿ. ಹೊಸ ವಾಹನವುಳ್ಳವರು ವಾರಂಟಿಗೆ ಧಕ್ಕೆ ಬರುವುದೋ ಇಲ್ಲವೋ ಎಂಬುದನ್ನು ಮಾರಾಟಗಾರರಿಂದ ಮೊದಲೇ ಬರಹದಲ್ಲಿ ಪಡೆಯುವುದು ಲೇಸು.

ಲೆಕ್ಕ ಹಾಕಿ ಕೊಳ್ಳಿರಿ

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿಯೇ ಕುಳಿತು ಲೆಕ್ಕ ಮಾಡುವುದು ಉತ್ತಮ. ಬಸವಕಲ್ಯಾಣದಲ್ಲಿ ವರ್ಷಕ್ಕೊಮ್ಮೆ ಜರುಗುವ ಅನುಭವ ಮಂಟಪ ಉತ್ಸವಕ್ಕಾಗಲಿ, ಜನವರಿಯಲ್ಲಿ ಹುಮನಾಬಾದಿನಲ್ಲಿ ನಡೆಯುವ ಶ್ರೀ ವೀರಭದ್ರೇಶ್ವರ ಜಾತ್ರೆಗಾಗಲಿ ಸೇವೆಗೆ ಹೊರಟ ವಾಹನವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 60 ವ್ಯಾಟಿನ ಒಂದು ಆಂಪ್ಲಿಫೈಯರ್, 10 ವ್ಯಾಟಿನ ನಾಲ್ಕು ಎಲ್‌ಇಡಿ ದೀಪ, ಮೊಬೈಲು ಹಾಗೂ ಸಣ್ಣ ಪಂಖಕ್ಕೆ 20 ವ್ಯಾಟ್ ಎಂದರೆ ಒಟ್ಟು 120 ವ್ಯಾಟ್ ಆಯಿತು. ಇದನ್ನು 12 ವೋಲ್ಟಿನಿಂದ ಭಾಗಿಸಿದರೆ 10 ಆಂಪಿಯರ್. ಐದು ತಾಸು ನಡೆದರೆ 50 ಆಂಪಿಯರ್-ಗಂಟೆ ಖರ್ಚು.

ಡೀಸೆಲ್ ಜೀಪಿನ ಮೂಲ ಬ್ಯಾಟರಿ ಸಾಮಾನ್ಯವಾಗಿ 65ರಿಂದ 80 ಆಂಪಿಯರ್-ಗಂಟೆಯದು. ಅದರಿಂದಲೇ 50 ತೆಗೆದರೆ ಸೆಲ್ಫ್ ತಿರುಗಿಸುವ ಬಲ ಉಳಿಯುವುದಿಲ್ಲ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡದಿದ್ದರೆ ಅದರ ಆಯುಷ್ಯ ಬೆಳೆಯುತ್ತದೆ. ಆದ್ದರಿಂದ ಮೇಲಿನ ಲೆಕ್ಕಕ್ಕೆ 100 ಆಂಪಿಯರ್-ಗಂಟೆಯ ಎರಡನೆಯ ಬ್ಯಾಟರಿ ಸರಿಹೋಗುತ್ತದೆ. ಇನ್ವರ್ಟರ್ ಮೂಲಕ 230 ವೋಲ್ಟ್ ಮಾಡಿಕೊಂಡು ಮನೆಯ ದೀಪಗಳನ್ನು ಉರಿಸುವವರು ಅದರಲ್ಲಿ ಹತ್ತರಿಂದ ಹದಿನೈದು ಪಾಲು ನಷ್ಟವಾಗುವುದೆಂದು ತಿಳಿಯಬೇಕು. 12 ವೋಲ್ಟಿನ ದೀಪಗಳನ್ನೇ ನೇರವಾಗಿ ಉರಿಸುವುದು ಮಿತವ್ಯಯದ ದಾರಿ.

ಯಾವ ಬ್ಯಾಟರಿ ಎಂಬ ಪ್ರಶ್ನೆಗೆ ಉತ್ತರ ಅದನ್ನು ಇಡುವ ಸ್ಥಳವನ್ನು ಅವಲಂಬಿಸಿದೆ. ನೀರು ಹಾಕುವ ಸಾಮಾನ್ಯ ಬ್ಯಾಟರಿಯು ಚಾರ್ಜಾಗುವಾಗ ಜಲಜನಕ ಅನಿಲವನ್ನು ಹೊರಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಯಿಂದ ಸ್ಫೋಟವಾಗಬಲ್ಲದು. ಹೀಗಾಗಿ ಅದನ್ನು ಜನ ಕೂಡುವ ಒಳಭಾಗದಲ್ಲಿ ಎಂದಿಗೂ ಇಡಬಾರದು. ಸೀಟಿನ ಕೆಳಗೋ ಹಿಂಭಾಗದಲ್ಲೋ ಇಡುವುದು ಅನಿವಾರ್ಯವಾದರೆ ಪೂರ್ಣ ಮುಚ್ಚಿದ ಎಜಿಎಂ ಬಗೆಯ ಬ್ಯಾಟರಿಯನ್ನೇ ಕೊಳ್ಳಬೇಕು.

ಮನೆಯ ಇನ್ವರ್ಟರಿನ ಎತ್ತರದ ಟ್ಯೂಬುಲರ್ ಬ್ಯಾಟರಿಯನ್ನು ಜೀಪಿಗೆ ಏರಿಸುವ ರೂಢಿ ಕೆಲವೆಡೆ ಕಾಣುತ್ತದೆ. ಅದು ಐವತ್ತು ಕಿಲೋದಷ್ಟು ತೂಗುತ್ತದೆ. ಒಂದೆಡೆ ಅಲುಗದೆ ನಿಲ್ಲಲೆಂದು ಮಾಡಿದ್ದು. ಹೊಲದ ದಾರಿಯ ಕುಲುಕಾಟಕ್ಕೆ ಅದರ ಆಮ್ಲ ಹೊರಚೆಲ್ಲುತ್ತದೆ, ಒಳಗಿನ ಫಲಕಗಳೂ ಸಡಿಲವಾಗುತ್ತವೆ. ಇತ್ತೀಚಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಹಗುರ, ಬಾಳಿಕೆಯೂ ದೀರ್ಘ. ಆದರೆ ಅವು ಆಲ್ಟರ್ನೇಟರಿನಿಂದ ಮಿತಿಮೀರಿ ವಿದ್ಯುತ್ ಸೆಳೆದು ಅದನ್ನು ಬಿಸಿ ಮಾಡುವುದರಿಂದ ಡಿಸಿ-ಡಿಸಿ ಚಾರ್ಜರ್ ಇಲ್ಲದೆ ಅವುಗಳ ಗೊಡವೆಗೆ ಹೋಗದಿರುವುದೇ ಕ್ಷೇಮ.

ಜೋಡಣೆಯ ಕ್ರಮ

ಈ ಕೆಲಸವನ್ನು ಬಲ್ಲ ಮಿಸ್ತ್ರಿಯಿಂದಲೇ ಮಾಡಿಸಬೇಕು. ಆದರೂ ಯಜಮಾನರು ಬಳಿಯಲ್ಲಿ ನಿಂತು ಕೆಳಗಿನ ಸಂಗತಿಗಳನ್ನು ಗಮನಿಸುವುದು ಅವಶ್ಯ.

ಮೊದಲು ಮೂಲ ಬ್ಯಾಟರಿಯ ಋಣ ಧ್ರುವದ ತಂತಿಯನ್ನು ಬಿಚ್ಚಬೇಕು. ಕೆಲಸ ಪೂರ್ತಿ ಮುಗಿದ ಮೇಲೆ ಕೊನೆಯಲ್ಲಿ ಅದನ್ನು ಕೂಡಿಸಬೇಕು. ಹೀಗೆ ಮಾಡಿದರೆ ಪಾನಾ ಜಾರಿ ವಾಹನದ ಕಬ್ಬಿಣಕ್ಕೆ ತಗುಲಿದರೂ ಕಿಡಿ ಹಾರುವುದಿಲ್ಲ. ಕೈಯಲ್ಲಿಯ ಉಂಗುರ, ಕಡಗಗಳನ್ನು ತೆಗೆದಿಡಬೇಕು.

ಬಳಿಕ ಬ್ಯಾಟರಿ ಕೂಡುವ ತಟ್ಟೆ. ಇದನ್ನು ದಪ್ಪ ಕಬ್ಬಿಣದ ಪಟ್ಟಿಯಿಂದ ಮಾಡಿಸಿ, ವಾಹನದ ಚಾಸಿಗೆ ಬೋಲ್ಟು ಹಾಕಿ ಬಿಗಿಸಿ, ಮೇಲೆ ಅಡ್ಡಪಟ್ಟಿಯಿಂದ ಬ್ಯಾಟರಿಯನ್ನು ಅದುಮಿ ಕಟ್ಟಬೇಕು. ಹಗ್ಗದಿಂದಲೋ ಟ್ಯೂಬಿನ ರಬ್ಬರಿನಿಂದಲೋ ಕಟ್ಟಿದ ಬ್ಯಾಟರಿಯು ವಾಹನ ಹಳ್ಳಕ್ಕೆ ಇಳಿದಾಗ ಕಲ್ಲುಗುಂಡಿನಂತೆ ಎರಗುತ್ತದೆ. ಎಂಜಿನ್ನಿನ ಪಕ್ಕದಲ್ಲಿಡುವುದಾದರೆ ಹೊಗೆ ಕೊಳವೆಯ ಬಿಸಿಯಿಂದ ದೂರವಿರಿಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಭಾಗದಲ್ಲಿ ಬಿಸಿಯೇ ಬ್ಯಾಟರಿಯ ದೊಡ್ಡ ಶತ್ರು. ಉಷ್ಣತೆ 10 ಡಿಗ್ರಿ ಏರಿದಂತೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ಬಲ್ಲವರ ಅಂದಾಜು.

ತಂತಿಯ ವಿಷಯದಲ್ಲಿ ಕೃಪಣತೆ ಸಲ್ಲದು. ನಾಲ್ಕು ಮೀಟರ್ ಉದ್ದದ 6 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 40 ಆಂಪಿಯರ್ ಹರಿದರೆ ಸುಮಾರು ಅರ್ಧ ವೋಲ್ಟ್ ದಾರಿಯಲ್ಲಿಯೇ ಸೋರಿಹೋಗುತ್ತದೆ. ಎರಡನೆಯ ಬ್ಯಾಟರಿ ಅರೆಹೊಟ್ಟೆಯಲ್ಲಿಯೇ ಉಳಿಯುತ್ತದೆ. ಅದೇ ಉದ್ದಕ್ಕೆ 25 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟವು ವೋಲ್ಟಿನ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತುದಿಗಳಿಗೆ ತಾಮ್ರದ ಲಗ್ಗುಗಳನ್ನು ಒತ್ತಿ ಕೂಡಿಸಬೇಕು. ತಂತಿಯನ್ನು ಹೊಸೆದು ಟೇಪು ಸುತ್ತುವ ಪದ್ಧತಿ ಅಪಾಯಕರ. ಕಬ್ಬಿಣದ ತೂತುಗಳ ಮೂಲಕ ಹಾಯುವಲ್ಲಿ ರಬ್ಬರಿನ ಬಳೆ, ಉಳಿದೆಡೆ ರಕ್ಷಾ ಕೊಳವೆ ಇರಲೇಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಫ್ಯೂಸು. ಎರಡು ಬ್ಯಾಟರಿಗಳನ್ನು ಕೂಡಿಸುವ ಧನ ತಂತಿಯ ಎರಡೂ ತುದಿಗಳಲ್ಲಿ, ಆಯಾ ಬ್ಯಾಟರಿಯಿಂದ ಒಂದು ಗೇಣಿನೊಳಗೆ, ಒಂದೊಂದು ಫ್ಯೂಸು ಇರಬೇಕು. 25 ಚದರ ಮಿಲಿಮೀಟರಿನ ತಂತಿಗೆ 100 ಆಂಪಿಯರಿನದು ಸಾಕು. ಒಂದೇ ತುದಿಗೆ ಹಾಕಿದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ವಿದ್ಯುತ್ತಿನ ಬುಗ್ಗೆಗಳು ಎರಡಿರುವುದರಿಂದ ತಂತಿ ನಡುವೆ ಸವೆದು ಕಬ್ಬಿಣಕ್ಕೆ ತಗುಲಿದಾಗ ಎರಡೂ ಕಡೆಯಿಂದ ಪ್ರವಾಹ ನುಗ್ಗುತ್ತದೆ. ಫ್ಯೂಸಿಲ್ಲದ ಕಡೆಯ ತಂತಿ ಕೆಂಡವಾಗುತ್ತದೆ. ಪಕ್ಕದಲ್ಲಿಯೇ ಡೀಸೆಲ್ ಕೊಳವೆ, ಒಳಗೆ ಮಕ್ಕಳು ಮುದುಕರು ಇರುವ ವಾಹನದಲ್ಲಿ ಇಂತಹ ಉಳಿತಾಯವನ್ನು ಯಾರೂ ಮಾಡಬಾರದು. ದೀಪ, ಮೈಕುಗಳಿಗೆ ಹೋಗುವ ಒಂದೊಂದು ಕವಲಿಗೂ ಪ್ರತ್ಯೇಕ ಸಣ್ಣ ಫ್ಯೂಸು ಇರಲಿ.

ಎರಡನೆಯ ಬ್ಯಾಟರಿಯ ಋಣ ತಂತಿಯನ್ನು ಬಣ್ಣ ಕೆರೆದು ಶುಚಿ ಮಾಡಿದ ಚಾಸಿಗೆ ಬಿಗಿಸಬೇಕು. ಹೊಸ ವಾಹನಗಳಲ್ಲಿ ಮೂಲ ಬ್ಯಾಟರಿಯ ಋಣ ಧ್ರುವದ ಮೇಲೆ ಅಳತೆಯ ಸಂವೇದಕವಿರುತ್ತದೆ; ಅಲ್ಲಿಗೇ ನೇರವಾಗಿ ತಂತಿ ಕೂಡಿಸಿದರೆ ವಾಹನದ ಕಂಪ್ಯೂಟರು ತಪ್ಪು ಲೆಕ್ಕ ಹಿಡಿಯುತ್ತದೆ.

ತುಂಬುವುದು ಹೇಗೆ?

ಎರಡನೆಯ ಬ್ಯಾಟರಿ ಕೂಡಿಸಿದವರಲ್ಲಿ ಅನೇಕರು, ವಾಹನ ಓಡಿದರೆ ಅದು ತಾನಾಗಿ ತುಂಬುತ್ತದೆಂದು ನಿಶ್ಚಿಂತರಾಗುತ್ತಾರೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು ಮುಕ್ಕಾಲು ತಾಸಿನ ಹಾದಿ. ಆ ಹೊತ್ತಿನಲ್ಲಿ 25 ಆಂಪಿಯರಿನಂತೆ ಹರಿದರೂ ಬ್ಯಾಟರಿಗೆ ಸೇರುವುದು 19 ಆಂಪಿಯರ್-ಗಂಟೆಗಿಂತ ಕಡಿಮೆ. ಹಿಂದಿನ ರಾತ್ರಿ 50 ಖರ್ಚು ಮಾಡಿದ್ದರೆ ಅರ್ಧದಷ್ಟೂ ಮರಳಿ ಬರಲಿಲ್ಲ. ಸೀಸದ ಬ್ಯಾಟರಿ ತುಂಬುತ್ತ ಬಂದಂತೆ ಇನ್ನೂ ನಿಧಾನವಾಗಿ ಸ್ವೀಕರಿಸುವುದರಿಂದ ಕೊನೆಯ ಐದನೆಯ ಒಂದು ಭಾಗಕ್ಕೆ ತಾಸುಗಳೇ ಹಿಡಿಯುತ್ತವೆ.

ಆದುದರಿಂದ ಸೇವೆ ಮುಗಿಸಿ ಬಂದ ದಿನ ಮನೆಯ ವಿದ್ಯುತ್ತಿನಿಂದ 10 ಆಂಪಿಯರಿನ ಸ್ವಯಂಚಾಲಿತ ಚಾರ್ಜರ್ ಹಚ್ಚಿ ರಾತ್ರಿಯಿಡೀ ಬಿಡುವುದು ಉತ್ತಮ ಪದ್ಧತಿ. ಹಲವು ದಿನಗಳ ಪಾದಯಾತ್ರೆಯಲ್ಲಿ ಇದು ಸಾಧ್ಯವಾಗದಿದ್ದರೆ, ವಾಹನದ ಮೇಲೆ 100 ವ್ಯಾಟಿನ ಒಂದು ಸೌರಫಲಕವನ್ನು ನಿಯಂತ್ರಕ ಸಹಿತ ಕೂಡಿಸಬಹುದು. ಒಳ್ಳೆಯ ಬಿಸಿಲಿನ ದಿನ ಅದು 25ರಿಂದ 30 ಆಂಪಿಯರ್-ಗಂಟೆಗಳನ್ನು ತುಂಬಿಕೊಡುತ್ತದೆ. ನಮ್ಮ ನಾಡಿನಲ್ಲಿ ಬಿಸಿಲಿಗೆ ಬರವಿಲ್ಲ.

ಜೋಪಾನ ಮತ್ತು ಹೊಣೆ

ಒಂದು ಸಣ್ಣ ವೋಲ್ಟ್‌ಮೀಟರನ್ನು ಚಾಲಕನ ಎದುರಿಗೆ ಕೂಡಿಸಿದರೆ ಬ್ಯಾಟರಿಯ ಹೊಟ್ಟೆ ಕಣ್ಣಿಗೆ ಕಾಣಿಸುತ್ತದೆ. ಕೆಲವು ತಾಸು ವಿಶ್ರಾಂತಿಯ ನಂತರ 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧವಾಗಿದೆ, 11.9ಕ್ಕೆ ಇಳಿದರೆ ಬರಿದಾಗಿದೆ ಎಂದು ತಿಳಿಯಬೇಕು. ನೀರಿನ ಬ್ಯಾಟರಿಗೆ ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿ ಹಾಕಬೇಕು. ಬೋರಿನ ಗಡುಸು ನೀರು ವಿಷಕ್ಕೆ ಸಮಾನ. ಆಮ್ಲ ಮೈಗೆ ಬಿದ್ದರೆ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಸಿಡಿದರೆ ನೀರಿನಿಂದ ತೊಳೆಯುತ್ತಲೇ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಬ್ಯಾಟರಿಯ ಬಳಿ ಬೀಡಿ, ಕಡ್ಡಿ ಗೀರುವುದು ಸರ್ವಥಾ ಸಲ್ಲದು.

ಸವೆದ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆದು ಸೀಸ ತೆಗೆಯುವುದು, ಆಮ್ಲವನ್ನು ಚರಂಡಿಗೆ ಸುರಿಯುವುದು ಮಹಾಪರಾಧ. ಸೀಸವು ಮಣ್ಣು ನೀರುಗಳಲ್ಲಿ ಬೆರೆತು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರ ಮೇಲಿದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಪ್ಪಿಸಿದರೆ ಬೆಲೆಯಲ್ಲಿ ರಿಯಾಯಿತಿಯೂ ದೊರೆಯುತ್ತದೆ.

ಮೈಕಿನ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಬ್ಯಾಟರಿಗೆ ಬಲ ಬಂದಿತೆಂದು ರಾತ್ರಿಯಿಡೀ ಧ್ವನಿ ಹಚ್ಚಲಾಗದು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಾಂಗಣ ಧ್ವನಿವರ್ಧಕಗಳನ್ನು ನಿಷೇಧಿಸಿವೆ. ಹಬ್ಬದ ಕೆಲವು ದಿನಗಳಿಗೆ ಮಾತ್ರ ಸರ್ಕಾರ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಕಾಯಿಲೆಯವರು, ಓದುವ ಮಕ್ಕಳು ಎಲ್ಲ ಓಣಿಗಳಲ್ಲಿಯೂ ಇರುತ್ತಾರೆಂಬುದನ್ನು ಮರೆಯಬಾರದು.

ನಮ್ಮ ಹಿರಿಯರು ಬಿತ್ತನೆಯ ಬೀಜವನ್ನು ಉಣ್ಣುವ ಕಾಳಿನೊಡನೆ ಬೆರೆಸುತ್ತಿರಲಿಲ್ಲ. ಎಂತಹ ಬರ ಬಂದರೂ ಬೀಜದ ಹಗೇವು ಬೇರೆ, ಊಟದ ಹಗೇವು ಬೇರೆ. ಉಣ್ಣುವ ಕಾಳು ತೀರಿದರೂ ಮುಂದಿನ ಮಳೆಗೆ ಬಿತ್ತಲು ಬೀಜ ಉಳಿದಿರುತ್ತಿತ್ತು. ಎರಡು ಬ್ಯಾಟರಿಗಳ ವ್ಯವಸ್ಥೆಯ ಹಿಂದಿರುವುದೂ ಇದೇ ವಿವೇಕ. ದಾಸೋಹಕ್ಕೆ, ಪ್ರವಚನಕ್ಕೆ, ಹೊಲದ ಕೆಲಸಕ್ಕೆ ಎರಡನೆಯದು ಧಾರಾಳವಾಗಿ ದುಡಿಯಲಿ. ಮೊದಲನೆಯದು ಆಪತ್ತಿನ ಗಳಿಗೆಗೆಂದು ತುಂಬಿಯೇ ಇರಲಿ. ನಡುರಾತ್ರಿ ನೆರೆಯವರು ಬಂದು ಬಾಗಿಲು ಬಡಿದಾಗ 'ಗಾಡಿ ಚಾಲೂ ಆಗುವುದಿಲ್ಲ' ಎಂಬ ಮಾತು ನಮ್ಮ ಸದ್ಭಕ್ತರ ಮನೆಗಳಿಂದ ಎಂದೂ ಬಾರದಿರಲಿ ಎಂದು ಹಾರೈಸುತ್ತೇವೆ.